ವಸಂತದ ಆರಂಭದಲ್ಲಿ ಪೈಕ್ ಹಿಡಿಯಲು ಸತ್ತ ಮೀನಿನ ಎರೆ ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬ್ರಿಟನ್ನಿನಲ್ಲಿ ನೆಲೆಸಿ, ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಚಳಿಯಲ್ಲಿ ಪೈಕ್ ಎಂಬ ಸಿಹಿನೀರಿನ ಬೇಟೆಗಾರ ಮೀನಿಗೆ ಗಾಳ ಹಾಕಲು ಹೋಗುವ ಕನ್ನಡಿಗರು ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ದಿನವಿಡೀ ದಡದಲ್ಲಿ ಕುಳಿತರೂ ಒಂದು ಎಳೆತ ಬರಲಿಲ್ಲ, ಯಾವ ಎರೆ ಹಾಕಿದ್ದರೆ ಮೀನು ಸಿಗುತ್ತಿತ್ತು? ವಿವರವಾಗಿ ವಿಚಾರಿಸಿದಾಗ ತಿಳಿಯುವ ಸಂಗತಿಯೂ ಒಂದೇ. ಅಂಗಡಿಯಲ್ಲಿ ಮೊದಲು ಕಂಡ ಮ್ಯಾಕೆರೆಲ್ ಪೊಟ್ಟಣವನ್ನು ತಂದಿರುತ್ತಾರೆ, ರಾತ್ರಿಯೇ ಹೊರಗಿಟ್ಟು ಕರಗಿಸಿರುತ್ತಾರೆ, ನೀರಿನ ಬಣ್ಣವನ್ನಾಗಲಿ ತಳವನ್ನಾಗಲಿ ನೋಡದೆ ಕೈಲಾದಷ್ಟು ದೂರ ಎಸೆದಿರುತ್ತಾರೆ. ತಪ್ಪು ಎರೆಯ ಹೆಸರಿನಲ್ಲಿ ಇರುವುದಿಲ್ಲ, ಆರಿಸುವ ಕ್ರಮದಲ್ಲಿ ಇರುತ್ತದೆ. ಮೊದಲು ನೀರನ್ನು ನೋಡಬೇಕು, ನಂತರ ಎಷ್ಟು ದೂರ ಎಸೆಯಬೇಕೆಂದು ನಿರ್ಧರಿಸಬೇಕು, ಆಮೇಲೆ ಮೀನಿನ ಜಾತಿ ಮತ್ತು ಗಾತ್ರವನ್ನು ಆರಿಸಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ ಆ ಮೀನು ತಾಜಾ ಆಗಿರಬೇಕು.

ಈ ಕಾಲದಲ್ಲಿ ಸತ್ತ ಮೀನೇ ಏಕೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ಹಂತಗಳು ಸುಲಭವಾಗಿ ಅರ್ಥವಾಗುತ್ತವೆ. ಪೈಕ್ ಹೊಂಚು ಹಾಕಿ ನುಗ್ಗಿ ಹಿಡಿಯುವ ಮೀನಾದರೂ, ನೀರು ತಣ್ಣಗಿರುವಾಗ ಓಡಾಟವನ್ನು ಕಡಿಮೆ ಮಾಡಿ ತಳದಲ್ಲಿ ಸತ್ತು ಬಿದ್ದಿರುವ ಮೀನನ್ನು ವಾಸನೆ ಹಿಡಿದು ಎತ್ತಿಕೊಳ್ಳುತ್ತದೆ. ಮೊಟ್ಟೆಯಿಡುವ ಕಾಲ ಹತ್ತಿರವಾದಂತೆ ದೊಡ್ಡ ಹೆಣ್ಣು ಮೀನುಗಳಿಗೆ ಹೆಚ್ಚು ಆಹಾರ ಬೇಕಾಗುತ್ತದೆ, ಆದರೆ ಅದಕ್ಕಾಗಿ ಹೆಚ್ಚು ಶಕ್ತಿ ವ್ಯಯಿಸಲು ಅವು ಸಿದ್ಧವಿರುವುದಿಲ್ಲ. ಈ ಎರಡರ ನಡುವೆ ಇರುವ ಕೆಲವೇ ವಾರಗಳು ನಮ್ಮ ಅವಕಾಶ.

ಹೊರಡುವ ಮುನ್ನ ಕೈಯಲ್ಲಿರಬೇಕಾದ ಸಾಮಾನು

ಎರೆಯ ವಿಷಯಕ್ಕೆ ಬೇಕಾದವು ಇವು: ದಾರ ಕಟ್ಟಿ ನೀರಿಗೆ ಇಳಿಬಿಡಬಹುದಾದ ಥರ್ಮಾಮೀಟರ್, ಅಗಲ ಬಾಯಿಯ ಫ್ಲಾಸ್ಕ್ ಅಥವಾ ಮಂಜುಗಡ್ಡೆ ಪೊಟ್ಟಣವಿರುವ ಕೂಲ್ ಬ್ಯಾಗ್, ಹರಿತವಾದ ಚಾಕು, ಗಟ್ಟಿ ಕತ್ತರಿ, ಮೃದುವಾದ ಮೀನನ್ನು ಗಾಳಕ್ಕೆ ಸುತ್ತಿ ಕಟ್ಟಲು ತೆಳುವಾದ ಎಲಾಸ್ಟಿಕ್ ದಾರ, ಮತ್ತು ಎರೆಯನ್ನು ತಳದಿಂದ ಮೇಲೆತ್ತಲು ಬಾಲ್ಸಾ ಮರದ ಕಡ್ಡಿ ಅಥವಾ ಫೋಮ್ ತುಂಡು.

ಗಾಳದ ಸಾಮಾನಿನ ಬಗ್ಗೆ ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ಕನಿಷ್ಠ 45ರಿಂದ 50 ಸೆಂಟಿಮೀಟರ್ ಉದ್ದದ ತಂತಿಯ ಟ್ರೇಸ್ (ಗಾಳಕ್ಕೂ ದಾರಕ್ಕೂ ನಡುವೆ ಕಟ್ಟುವ ತಂತಿ), 15 ಪೌಂಡ್ ತಡೆಯುವ ಮಾನೊ ಲೈನ್ (ಒಂಟಿ ಎಳೆಯ ನೈಲಾನ್ ದಾರ) ಅಥವಾ 50 ಪೌಂಡ್ ತಡೆಯುವ ಬ್ರೇಡ್ (ಹೆಣೆದ ದಾರ), 6ನೇ ಅಥವಾ 4ನೇ ಸಂಖ್ಯೆಯ ಎರಡು ಟ್ರೆಬಲ್ ಗಾಳಗಳು (ಮೂರು ಮುಳ್ಳಿನ ಗಾಳಗಳು), 42 ಇಂಚಿನ ಬಾಯಿಯ ಬಲೆ, ಮೀನನ್ನು ಮಲಗಿಸುವ ದಪ್ಪ ಮ್ಯಾಟ್, ಉದ್ದ ಮೂತಿಯ ಫೋರ್ಸೆಪ್ಸ್ ಮತ್ತು ತಂತಿ ಕತ್ತರಿಸುವ ಕಟ್ಟರ್ ಇಲ್ಲದೆ ಪೈಕ್ ಹಿಡಿಯಲು ಹೋಗಬೇಡಿ. ಪೈಕ್‌ನ ಹಲ್ಲು ನೈಲಾನ್ ದಾರವನ್ನು ಕ್ಷಣದಲ್ಲಿ ಕತ್ತರಿಸುತ್ತದೆ. ಹಾಗೆ ತಪ್ಪಿಸಿಕೊಂಡ ಮೀನು ಗಂಟಲಲ್ಲಿ ಗಾಳವನ್ನು ಇಟ್ಟುಕೊಂಡೇ ನರಳುತ್ತದೆ.

ಹಂತ 1: ದಿನಾಂಕ ಮತ್ತು ನಿಯಮಗಳನ್ನು ನೋಡಿಕೊಳ್ಳಿ

ಇಂಗ್ಲೆಂಡ್ ಮತ್ತು ವೇಲ್ಸ್‌ನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಪೈಕ್ ಸೇರಿದಂತೆ ಕೋರ್ಸ್ ಮೀನುಗಳಿಗೆ (ಸಾಲ್ಮನ್, ಟ್ರೌಟ್ ಬಳಗ ಬಿಟ್ಟು ಉಳಿದ ಸಿಹಿನೀರಿನ ಮೀನುಗಳಿಗೆ) ಗಾಳ ಹಾಕುವಂತಿಲ್ಲ. ಆದ್ದರಿಂದ ನದಿಯಲ್ಲಿ ವಸಂತದ ಪೈಕ್ ಎಂದರೆ ಫೆಬ್ರವರಿ ಮಧ್ಯದಿಂದ ಮಾರ್ಚ್ 14ರವರೆಗಿನ ಅವಧಿ ಮಾತ್ರ. ಈ ನಿರ್ಬಂಧ ಪೂರ್ವ ಇಂಗ್ಲೆಂಡಿನ ಸರೋವರಗಳ ಪ್ರದೇಶವಾದ ನಾರ್ಫೋಕ್ ಬ್ರಾಡ್ಸ್‌ಗೂ ಅನ್ವಯಿಸುತ್ತದೆ. ಉಳಿದ ಹೆಚ್ಚಿನ ಕೆರೆಗಳು ಮತ್ತು ಕಾಲುವೆಗಳಲ್ಲಿ ಆ ನೀರಿನ ಒಡೆಯರು ಅಥವಾ ಕ್ಲಬ್ಬಿನವರು ಹಾಕಿದ ನಿಯಮವೇ ಅಂತಿಮ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 13 ವರ್ಷ ತುಂಬಿದ ಪ್ರತಿಯೊಬ್ಬರಿಗೂ ರಾಡ್ ಲೈಸೆನ್ಸ್ (ಗಾಳದ ಕೋಲಿನ ಪರವಾನಗಿ) ಬೇಕು. ಆ ನೀರಿನಲ್ಲಿ ಸಮುದ್ರದ ಮೀನನ್ನು ಎರೆಯಾಗಿ ಬಳಸಲು ಅನುಮತಿ ಇದೆಯೇ, ಹಿಮ್ಮುಳ್ಳಿಲ್ಲದ (ಬಾರ್ಬ್‌ಲೆಸ್) ಗಾಳವನ್ನೇ ಬಳಸಬೇಕೇ ಎಂಬುದನ್ನು ಹಿಂದಿನ ದಿನವೇ ಕೇಳಿ ತಿಳಿದುಕೊಳ್ಳಿ, ಏಕೆಂದರೆ ನಿಮ್ಮ ಎರೆಯ ಪಟ್ಟಿ ಅಲ್ಲಿಂದಲೇ ಕಿರಿದಾಗಬಹುದು. ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನಲ್ಲಿ ಜೀವಂತ ಮೀನನ್ನು ಎರೆಯಾಗಿ ಬಳಸುವುದು ನಿಷಿದ್ಧವಾದ್ದರಿಂದ, ಡರ್ಗ್ ಅಥವಾ ಲೊಮೊಂಡ್‌ನಂಥ ಸರೋವರಗಳಿಗೆ ಪ್ರವಾಸ ಹೋಗುವವರು ಸತ್ತ ಮೀನಿನ ಆಯ್ಕೆಯನ್ನು ಇನ್ನಷ್ಟು ಗಂಭೀರವಾಗಿ ಕಲಿಯಬೇಕು.

ಹಳೆಯ ಗಾಳಗಾರರು ಹಾವುಮೀನಿನ ತುಂಡನ್ನು ಮೆಚ್ಚಿ ಹೇಳುವುದನ್ನು ನೀವು ಕೇಳಿರಬಹುದು. ಯುರೋಪಿನ ಹಾವುಮೀನು ಈಗ ಅಳಿವಿನ ಅಂಚಿನಲ್ಲಿದೆ. ಗಾಳಕ್ಕೆ ಸಿಕ್ಕಿದರೂ ಅದನ್ನು ಮರಳಿ ನೀರಿಗೆ ಬಿಡಬೇಕೆಂಬುದು ಇಂಗ್ಲೆಂಡ್ ಮತ್ತು ವೇಲ್ಸ್‌ನ ನಿಯಮ. ಎರೆಯ ಪಟ್ಟಿಯಿಂದ ಅದನ್ನು ಪೂರ್ತಿಯಾಗಿ ತೆಗೆದುಹಾಕಿ.

ಹಂತ 2: ಎರೆಯ ಚೀಲ ಬಿಚ್ಚುವ ಮೊದಲು ನೀರನ್ನು ಓದಿ

ದಡ ತಲುಪಿದ ಕೂಡಲೇ ಮೂರು ಸಂಗತಿಗಳನ್ನು ಗುರುತಿಸಿ: ತಾಪಮಾನ, ನೀರಿನ ಬಣ್ಣ, ಮತ್ತು ತಳ.

ತಾಪಮಾನವನ್ನು ಮೇಲ್ಪದರದಲ್ಲಿ ಅಳೆದರೆ ಉಪಯೋಗವಿಲ್ಲ. ಥರ್ಮಾಮೀಟರನ್ನು ಭಾರ ಕಟ್ಟಿ ತಳದವರೆಗೆ ಇಳಿಸಿ, ಐದು ನಿಮಿಷ ಬಿಟ್ಟು, ಬೇಗ ಮೇಲೆಳೆದು ನೋಡಿ. ನೀರು 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅತ್ಯಂತ ಸಾಂದ್ರವಾಗಿರುವುದರಿಂದ, ಕಡು ಚಳಿಯಲ್ಲಿ ಆಳವಾದ ಕೆರೆಯ ತಳ ಮೇಲ್ಪದರಕ್ಕಿಂತ ಬೆಚ್ಚಗಿರುತ್ತದೆ. ಬಿಸಿಲು ಬೀಳತೊಡಗಿದ ಮೇಲೆ ಈ ಸ್ಥಿತಿ ತಿರುಗಿ, ಜೊಂಡಿನ ಪಕ್ಕದ ಆಳವಿಲ್ಲದ ನೀರು ಮೊದಲು ಬೆಚ್ಚಗಾಗುತ್ತದೆ. ದಡದ ಎರಡು ಮೂರು ಕಡೆ ಅಳೆದು, ಒಂದು ಡಿಗ್ರಿಯಷ್ಟಾದರೂ ಹೆಚ್ಚು ಬೆಚ್ಚಗಿರುವ ಜಾಗವನ್ನು ಹುಡುಕಿ. 4 ಡಿಗ್ರಿಗಿಂತ ಕೆಳಗಿದ್ದರೆ ಚಿಕ್ಕ ಎರೆ, ದೀರ್ಘ ಕಾಯುವಿಕೆ; 5ರಿಂದ 8 ಡಿಗ್ರಿಯವರೆಗೆ, ಅದರಲ್ಲೂ ಎರಡು ಮೂರು ದಿನಗಳಿಂದ ಏರುತ್ತಿದ್ದರೆ, ದೊಡ್ಡ ಎಣ್ಣೆಮೀನಿನ ಎರೆಗೆ ಇದೇ ತಕ್ಕ ಸಮಯ.

ಬಣ್ಣವನ್ನು ನೋಡಲು ಸುಲಭವಾದ ಉಪಾಯವೊಂದಿದೆ. ಒಂದು ಬೆಳ್ಳಗಿನ ಸಾರ್ಡೀನನ್ನು ಟ್ರೇಸಿಗೆ ಕಟ್ಟಿ ಕಾಲ ಬಳಿಯ ನೀರಿನಲ್ಲಿ ನಿಧಾನವಾಗಿ ಇಳಿಸಿ, ಅದು ಕಣ್ಮರೆಯಾಗುವ ಆಳವನ್ನು ಗಮನಿಸಿ. ಒಂದಡಿಯೊಳಗೇ ಮಾಯವಾದರೆ ನೀರು ರಾಡಿ. ಆಗ ಪೈಕ್ ವಾಸನೆಯನ್ನೇ ನಂಬಬೇಕು. ಮೂರಡಿ ದಾಟಿದರೂ ಕಾಣುತ್ತಿದ್ದರೆ ತಿಳಿನೀರು. ಅಲ್ಲಿ ಎರೆಯ ಆಕಾರ ಮತ್ತು ಹೊಳಪು ಎರಡೂ ಲೆಕ್ಕಕ್ಕೆ ಬರುತ್ತವೆ. ಮಳೆಯಿಂದ ನದಿ ಉಕ್ಕಿ, ನೀರು ಚಹಾದ ಬಣ್ಣಕ್ಕೆ ತಿರುಗಿ, ಇನ್ನೂ ಏರುತ್ತಿದ್ದರೆ ಆ ದಿನ ಯಾವ ಎರೆಯೂ ಕೆಲಸ ಮಾಡುವುದು ಕಷ್ಟ. ಇಳಿಯತೊಡಗಿದ ಎರಡನೆಯ ಅಥವಾ ಮೂರನೆಯ ದಿನಕ್ಕೆ ಹೋಗಿ.

ತಳವನ್ನು ತಿಳಿಯಲು ಎರೆಯಿಲ್ಲದ ಭಾರವೊಂದನ್ನು ಎಸೆದು ಎಳೆಯಿರಿ. ಠಕ್ಕನೆ ಬಿದ್ದರೆ ಜಲ್ಲಿ, ಮೆತ್ತಗೆ ಹೂತುಕೊಂಡರೆ ಹೂಳು. ಭಾರದ ಜೊತೆ ಕಪ್ಪು ಎಲೆ ಬಂದು ಕೊಳೆತ ವಾಸನೆ ಹೊಡೆದರೆ, ಆ ತಳದಲ್ಲಿ ಎರೆಯನ್ನು ನೇರವಾಗಿ ಮಲಗಿಸಬಾರದು.

ಹಂತ 3: ಎಸೆಯುವ ದೂರಕ್ಕೆ ತಕ್ಕಂತೆ ಪಟ್ಟಿಯನ್ನು ಕಿರಿದು ಮಾಡಿ

ಹೆಚ್ಚಿನವರು ಈ ಹಂತವನ್ನು ಬಿಟ್ಟುಬಿಡುತ್ತಾರೆ. ಕೆಲವು ವರ್ಷಗಳ ಹಿಂದೆ ಪೂರ್ವ ಇಂಗ್ಲೆಂಡಿನ ತಗ್ಗು ಬಯಲಾದ ಫೆನ್ಸ್ ಪ್ರದೇಶದ ಒಂದು ಡ್ರೇನಿನ (ನೀರು ಬಸಿಯುವ ಕಾಲುವೆಯ) ದಡದಲ್ಲಿ, ಪೂರ್ತಿ ಕರಗಿದ್ದ ಸಾರ್ಡೀನನ್ನು ಎದುರು ದಡದ ಜೊಂಡಿನತ್ತ ಬೀಸಿ ಎಸೆದಾಗ ನನಗೆ ಎರಡು ಸದ್ದು ಕೇಳಿಸಿತು: ಮೊದಲು ಭಾರ ನೀರಿಗೆ ಬಿದ್ದ ಸದ್ದು, ಒಂದು ಕ್ಷಣದ ನಂತರ ಅದಕ್ಕಿಂತ ಆಚೆ ಮತ್ತೊಂದು ಮೆತ್ತನೆಯ ಸದ್ದು. ಎರಡನೆಯದು ಗಾಳದಿಂದ ಕಿತ್ತುಹೋದ ಸಾರ್ಡೀನಿನದು. ಎಳೆದು ನೋಡಿದಾಗ ಮುಳ್ಳಿನ ಮೇಲೆ ಬೆರಳುಗುರಿನಷ್ಟು ಚರ್ಮ ಉಳಿದಿತ್ತು. ಆ ಸದ್ದನ್ನು ಗಮನಿಸದೇ ಹೋಗಿದ್ದರೆ ಬರಿಯ ಗಾಳದ ಮುಂದೆ ಎರಡು ಗಂಟೆ ಕಾದಿರುತ್ತಿದ್ದೆ. ಎಸೆದ ಪ್ರತಿ ಸಲವೂ ಕಿವಿಗೊಟ್ಟು ಕೇಳಿ. ಎರಡು ಸದ್ದು ಬಂದರೆ ಕೂಡಲೇ ಎಳೆದು ನೋಡಿ.

ಆದ್ದರಿಂದ, ಕಾಲ ಬಳಿ ಅಥವಾ ಹತ್ತು ಹದಿನೈದು ಮೀಟರಿನೊಳಗೆ ಮೆಲ್ಲನೆ ಇಳಿಸುವುದಾದರೆ ಎಷ್ಟೇ ಮೃದುವಾದ ಎರೆಯಾದರೂ ಸರಿ. ಅದಕ್ಕಿಂತ ದೂರಕ್ಕೆ ಗಟ್ಟಿ ಚರ್ಮದ ಮೀನೇ ಬೇಕು, ಇಲ್ಲವೇ ಮೃದುವಾದ ಮೀನನ್ನು ಫ್ರೀಜರಿನಲ್ಲಿ ಗಡ್ಡೆಗಟ್ಟಿದ ಸ್ಥಿತಿಯಲ್ಲೇ ಗಾಳಕ್ಕೆ ಸಿಕ್ಕಿಸಿ, ಎಲಾಸ್ಟಿಕ್ ದಾರ ಸುತ್ತಿ ಎಸೆಯಬೇಕು.

ಹಂತ 4: ಮೀನಿನ ಜಾತಿಯನ್ನು ಆರಿಸಿ

ಈಗ ಮಾತ್ರ ಜಾತಿಯ ಪ್ರಶ್ನೆಗೆ ಬನ್ನಿ. ಕರಾವಳಿಯಿಂದ ಬಂದವರಿಗೆ ಒಂದು ಮಾತು: ಇಲ್ಲಿನ ಮ್ಯಾಕೆರೆಲ್ ನಮ್ಮ ಬಂಗಡೆಯ ಬಳಗಕ್ಕೆ ಸೇರಿದ್ದಾದರೂ ಅದೇ ಜಾತಿಯಲ್ಲ, ಇಲ್ಲಿನ ಸಾರ್ಡೀನ್ ಕೂಡ ನಮ್ಮ ಬೈಗೆ ಅಥವಾ ಬೂತಾಯಿಯಂತೆ ಎಣ್ಣೆ ತುಂಬಿದ್ದಾದರೂ ಬೇರೆ ಜಾತಿಯದು. ಎಣ್ಣೆಯ ಗುಣ ಮತ್ತು ಮಾಂಸದ ಮೃದುತ್ವದ ಬಗ್ಗೆ ನಿಮಗಿರುವ ಅಡುಗೆಮನೆಯ ತಿಳಿವಳಿಕೆ ಇಲ್ಲಿ ಹಾಗೆಯೇ ಕೆಲಸಕ್ಕೆ ಬರುತ್ತದೆ.

ಸಾರ್ಡೀನ್: ರಾಡಿ ನೀರಿಗೂ ಬಣ್ಣವಿರುವ ಕೆರೆಗೂ ನನ್ನ ಮೊದಲ ಆಯ್ಕೆ ಇದೇ. ಮಾಂಸ ಮೃದುವಾಗಿರುವುದರಿಂದ ಎಣ್ಣೆ ಬೇಗ ಹೊರಬಂದು ಹರಡುತ್ತದೆ, ಬೆಳ್ಳಿಯ ಪಕ್ಕೆ ಮಂದ ಬೆಳಕಿನಲ್ಲೂ ಕಾಣುತ್ತದೆ. ಅದೇ ಮೃದುತ್ವವೇ ಇದರ ದೋಷ. ಗಡ್ಡೆಗಟ್ಟಿರುವಾಗಲೇ ಎಸೆಯಬೇಕು, ಒಮ್ಮೆ ಕರಗಿದ ಮೇಲೆ ಎಳೆದು ಮತ್ತೆ ಎಸೆಯಲು ಬರುವುದಿಲ್ಲ. ಒಂದು ದಿನಕ್ಕೆ ಎಂಟು ಹತ್ತು ಸಾರ್ಡೀನ್ ಒಯ್ಯದೆ ಇದನ್ನು ನಂಬಿ ಹೋಗಬೇಡಿ.

ಮ್ಯಾಕೆರೆಲ್: ಚರ್ಮ ಗಟ್ಟಿ, ಎಣ್ಣೆ ಹೇರಳ, ದೂರ ಎಸೆಯಲು ಇದಕ್ಕೆ ಸಾಟಿಯಿಲ್ಲ. ಇಡೀ ದೊಡ್ಡ ಮ್ಯಾಕೆರೆಲ್ ಬೇಡ. 'ಜೋಯಿ' ಎಂದು ಕರೆಯುವ ಚಿಕ್ಕ ಮರಿಗಳು ಸಿಕ್ಕರೆ ಇಡಿಯಾಗಿ, ದೊಡ್ಡದಾದರೆ ಅರ್ಧ ಕತ್ತರಿಸಿ ಬಾಲದ ಭಾಗವನ್ನು ಬಳಸಿ. ಗಟ್ಟಿ ಚರ್ಮದಿಂದ ಎಣ್ಣೆ ಸುಲಭವಾಗಿ ಹೊರಬರದ ಕಾರಣ, ಇಡಿಯಾಗಿ ಹಾಕುವಾಗ ಪಕ್ಕೆಗೆ ಚಾಕುವಿನಿಂದ ಮೂರು ನಾಲ್ಕು ಗೀರು ಹಾಕುವುದು ಅಗತ್ಯ. ಗೀರು ಹಾಕದ ಮ್ಯಾಕೆರೆಲ್ ತಣ್ಣೀರಿನಲ್ಲಿ ಬಹಳ ಹೊತ್ತು ಮುಚ್ಚಿದ ಡಬ್ಬಿಯಂತೆ ಬಿದ್ದಿರುತ್ತದೆ.

ಹೆರಿಂಗ್: ಸಾರ್ಡೀನ್ ಮತ್ತು ಮ್ಯಾಕೆರೆಲ್ ನಡುವಿನದು. ಎಸೆದಾಗ ಹುರುಪೆಗಳು ಉದುರಿ ನೀರಿನಲ್ಲಿ ಮಿನುಗುತ್ತವೆ. ತುಸು ಬಣ್ಣವಿರುವ ನೀರಿನಲ್ಲಿ ಇದು ಒಳ್ಳೆಯ ಆಕರ್ಷಣೆ. ಮಧ್ಯಮ ದೂರಕ್ಕೆ, ಅರೆಗಡ್ಡೆಯ ಸ್ಥಿತಿಯಲ್ಲಿ ಎಸೆಯಿರಿ.

ಸ್ಮೆಲ್ಟ್: ಕೈಗೆತ್ತಿಕೊಂಡು ಮೂಗಿನ ಬಳಿ ಹಿಡಿದರೆ ಹೆಚ್ಚಿದ ಸೌತೆಕಾಯಿಯ ವಾಸನೆ ಬರುತ್ತದೆ. ಎಣ್ಣೆಯನ್ನು ಚೆಲ್ಲಿ ಪೈಕನ್ನು ಕರೆಯುವ ಮೀನು ಇದಲ್ಲ. ಆದರೆ ಬಿಳುಪಾದ ಮೈ, ಗಟ್ಟಿಯಾದ ಹಿಡಿತ ಮತ್ತು ಚಿಕ್ಕ ಗಾತ್ರದಿಂದಾಗಿ ತಿಳಿನೀರಿನ ನದಿಗಳಲ್ಲೂ ಅತಿ ಚಳಿಯ ದಿನಗಳಲ್ಲೂ ಇದು ನಂಬಿಕೆಗೆ ಅರ್ಹ. ನೀರು 4 ಡಿಗ್ರಿಯ ಆಸುಪಾಸಿನಲ್ಲಿದ್ದು ಪೈಕ್ ಮಂಕಾಗಿರುವಾಗ, ದೊಡ್ಡ ಎರೆಯನ್ನು ಮುಟ್ಟದ ಮೀನು 12 ಸೆಂಟಿಮೀಟರಿನ ಸ್ಮೆಲ್ಟನ್ನು ಎತ್ತಿಕೊಂಡದ್ದನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ಬ್ಲೂಯಿ: ಪೆಸಿಫಿಕ್ ಸಾಗರದ ಸಾರಿ ಮೀನಿಗೆ ಇಲ್ಲಿನ ಗಾಳಗಾರರು ಇಟ್ಟ ಹೆಸರು ಇದು. ಎಣ್ಣೆ ಬಹಳ, ಸಾರ್ಡೀನಿಗಿಂತ ಗಟ್ಟಿ. ಉದ್ದ ಹೆಚ್ಚಿರುವುದರಿಂದ ಅರ್ಧ ಮಾಡಿ ಬಳಸಿ. ಎಲ್ಲರೂ ಮ್ಯಾಕೆರೆಲ್ ಹಾಕುವ ಕೆರೆಯಲ್ಲಿ ಬದಲಾವಣೆಗಾಗಿ ಒಯ್ಯಬೇಕಾದದ್ದು.

ಲ್ಯಾಂಪ್ರೆ: ಹಾವುಮೀನಿನಂತೆ ಉದ್ದನೆಯ ಮೈಯ, ದವಡೆಯಿಲ್ಲದ ಮೀನು. ತುಂಡು ಮಾಡಿದರೆ ರಕ್ತ ನೀರಿಗೆ ಬಿಡುತ್ತದೆ, ಚರ್ಮ ಗಟ್ಟಿ, ರಾಡಿ ನದಿಯಲ್ಲಿ ಪರಿಣಾಮಕಾರಿ. ನದಿಗಳಲ್ಲಿ ಇದಕ್ಕೆ ಕಾನೂನಿನ ರಕ್ಷಣೆ ಇರುವುದರಿಂದ ಸ್ವತಃ ಹಿಡಿಯಲು ಹೋಗಬೇಡಿ. ಎಲ್ಲಿಂದ ಬಂದದ್ದೆಂದು ಹೇಳಬಲ್ಲ ಅಂಗಡಿಯಿಂದ ಗಡ್ಡೆಗಟ್ಟಿದ್ದನ್ನು ಮಾತ್ರ ಕೊಳ್ಳಿ.

ರೋಚ್ ಮತ್ತಿತರ ಸಿಹಿನೀರಿನ ಮೀನುಗಳು: ತಿಳಿನೀರಿನಲ್ಲಿ, ಅದರಲ್ಲೂ ವರ್ಷವಿಡೀ ಜನ ಸಮುದ್ರದ ಮೀನನ್ನೇ ಎಸೆದು ಪೈಕ್‌ಗಳು ಎಚ್ಚರಗೊಂಡಿರುವ ಕೆರೆಗಳಲ್ಲಿ, 15 ಸೆಂಟಿಮೀಟರಿನ ರೋಚ್ ಅತ್ಯುತ್ತಮ. ಅದು ಪೈಕ್ ದಿನವೂ ತಿನ್ನುವ ಮೀನು. ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಬೇರೆ ನೀರಿನಿಂದ ತಂದ ಮೀನು ರೋಗವನ್ನೂ ಪರಾವಲಂಬಿಗಳನ್ನೂ ಒಯ್ಯುತ್ತದೆ, ಗಡ್ಡೆಗಟ್ಟಿಸುವುದರಿಂದ ಎಲ್ಲ ವೈರಾಣುಗಳೂ ಸಾಯುವುದಿಲ್ಲ. ಒಡೆಯರ ಅನುಮತಿಯಿಲ್ಲದೆ ಒಂದು ನೀರಿನಿಂದ ಮೀನನ್ನು ಎತ್ತಿಕೊಂಡು ಹೋಗುವುದು ಕಾನೂನಿಗೂ ವಿರುದ್ಧ. ಎರಡನೆಯದು, ರೋಚ್‌ಗೆ ಗಾಳಿಚೀಲ ಇರುವುದರಿಂದ ಸತ್ತ ಮೇಲೂ ತೇಲಬಹುದು. ಎಸೆಯುವ ಮುನ್ನ ಕಾಲ ಬಳಿ ಇಳಿಸಿ ಮುಳುಗುತ್ತದೆಯೇ ನೋಡಿ. ತೇಲಿದರೆ ದಪ್ಪ ಸೂಜಿಯಿಂದ ಹೊಟ್ಟೆಗೆ ಚುಚ್ಚಿ ಗಾಳಿಯನ್ನು ಹೊರಬಿಡಿ. ಅಟ್ಲಾಂಟಿಕ್ ಮ್ಯಾಕೆರೆಲ್‌ಗೆ ಗಾಳಿಚೀಲವೇ ಇಲ್ಲವಾದ್ದರಿಂದ ಅದರಲ್ಲಿ ಈ ತೊಂದರೆ ಬರುವುದಿಲ್ಲ.

ಟ್ರೌಟ್ ಸಾಕುವ ಜಲಾಶಯಗಳಲ್ಲಿ ಚಿಕ್ಕ ಟ್ರೌಟ್ ಕೂಡ ಒಳ್ಳೆಯ ಎರೆ, ಏಕೆಂದರೆ ಅಲ್ಲಿನ ಪೈಕ್ ದಿನವೂ ತಿನ್ನುವ ಮೀನು ಅದೇ.

ಆಯ್ಕೆಯಲ್ಲಿ ಗೊಂದಲವಾದರೆ ಹೀಗೆ ಮಾಡಿ: ನೀರು ರಾಡಿಯಾಗಿದ್ದರೆ ಹತ್ತಿರಕ್ಕೆ ಸಾರ್ಡೀನ್, ದೂರಕ್ಕೆ ಅರ್ಧ ಮ್ಯಾಕೆರೆಲ್, ತಿಳಿಯಾಗಿದ್ದರೆ ಕೆರೆಗೆ ರೋಚ್, ನದಿಗೆ ಸ್ಮೆಲ್ಟ್. ಬಣ್ಣ ಬಳಿಯುವ, ಅಂಗಡಿಯ ಎಣ್ಣೆ ಚುಚ್ಚುವ ಪ್ರಯೋಗಗಳನ್ನು ಇಷ್ಟು ಕೈಗೆ ಹತ್ತಿದ ಮೇಲೆ ಮಾಡಿದರೆ ಸಾಕು.

ಹಂತ 5: ಗಾತ್ರವನ್ನು ನಿರ್ಧರಿಸಿ

ದೊಡ್ಡ ಪೈಕ್‌ಗೆ ದೊಡ್ಡ ಎರೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. 12ರಿಂದ 18 ಸೆಂಟಿಮೀಟರ್ ಉದ್ದದ ಎರೆ ಹೆಚ್ಚಿನ ದಿನಗಳಿಗೆ ಸಾಕು. 20 ಸೆಂಟಿಮೀಟರ್ ದಾಟಿದ ಎರೆಯನ್ನು ಪೈಕ್ ಬಾಯಿಯಲ್ಲಿ ತಿರುಗಿಸಿಕೊಳ್ಳಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ, ಆ ಹೊತ್ತಿಗೆ ನೀವು ಎಳೆದರೆ ಗಾಳ ಕಚ್ಚುವುದಿಲ್ಲ, ಕಾದರೆ ಗಂಟಲಿಗೆ ಇಳಿಯುತ್ತದೆ. ಗಾತ್ರ ಹೆಚ್ಚಿಸುವುದಕ್ಕಿಂತ ಕತ್ತರಿಸಿ ವಾಸನೆಯನ್ನು ಹೆಚ್ಚಿಸುವುದು ಉತ್ತಮ.

ಕತ್ತರಿಸುವಾಗ ಚಾಕುವನ್ನು ಓರೆಯಾಗಿ, ತಲೆಯ ಹಿಂದಿನ ಬೆನ್ನಿನಿಂದ ಹೊಟ್ಟೆಯ ಹಿಂಭಾಗದತ್ತ ಎಳೆಯಿರಿ. ನೇರ ಕೊಯ್ತಕ್ಕಿಂತ ಓರೆ ಕೊಯ್ತದಲ್ಲಿ ಮಾಂಸ ಹೆಚ್ಚು ತೆರೆದುಕೊಳ್ಳುತ್ತದೆ, ತುಂಡು ಗಾಳಿಯಲ್ಲಿ ಸಲೀಸಾಗಿ ಹೋಗುತ್ತದೆ. ಬಾಲದ ರೆಕ್ಕೆಯನ್ನು ಕತ್ತರಿಯಿಂದ ತೆಗೆದುಬಿಟ್ಟರೆ ಎಳೆದುಕೊಳ್ಳುವಾಗ ಎರೆ ಸುತ್ತಿ ದಾರ ತಿರುಚಿಕೊಳ್ಳುವುದು ತಪ್ಪುತ್ತದೆ.

ಹಂತ 6: ಕೊಳ್ಳುವುದು, ಗಡ್ಡೆಗಟ್ಟಿಸುವುದು, ಒಯ್ಯುವುದು

ಎಲ್ಲ ಹಂತಗಳಲ್ಲಿ ನಾನು ಹೆಚ್ಚು ಒತ್ತು ಕೊಡುವುದು ಇದಕ್ಕೆ. ಪೈಕ್ ಕೊಳೆತ ಮೀನನ್ನು ತಿನ್ನುತ್ತದೆ ಎಂಬ ಮಾತು ಬಹಳ ಜನರನ್ನು ದಾರಿ ತಪ್ಪಿಸಿದೆ. ಹಳಸಿದ ಮೀನಿನಲ್ಲಿ ಎಣ್ಣೆ ಕಮಟುತ್ತದೆ, ಮಾಂಸ ಗಾಳದಲ್ಲಿ ನಿಲ್ಲುವುದಿಲ್ಲ, ಪೈಕ್ ಬಾಯಿಗೆ ತೆಗೆದುಕೊಂಡರೂ ಉಗುಳುತ್ತದೆ.

ಮಲ್ಪೆಯ ಬಂದರಿನಲ್ಲಿ ಮೀನು ಕೊಂಡವರಿಗೆ ಪರೀಕ್ಷೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಕಿವಿರನ್ನು ಎತ್ತಿದಾಗ ಒಳಗೆ ಕೆಂಪಗಿರಬೇಕು, ಕಂದುಬಣ್ಣ ಕೂಡದು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಒಳಗೆ ಕುಸಿದು ಹಾಲುಬಣ್ಣಕ್ಕೆ ತಿರುಗಿರಬಾರದು. ಬೆರಳಿನಿಂದ ಪಕ್ಕೆಯನ್ನು ಒತ್ತಿದರೆ ಗುಳಿ ಉಳಿಯದೆ ಮೇಲೇಳಬೇಕು. ಸಾರ್ಡೀನಿನ ಹೊಟ್ಟೆ ಒಡೆದು ಕರುಳು ಇಣುಕುತ್ತಿದ್ದರೆ ಅದು ತಿನ್ನಲೂ ಬೇಡ, ಎರೆಗೂ ಬೇಡ.

ಅಡುಗೆಗೆ ಕೊಳ್ಳುವ ಅಭ್ಯಾಸದಿಂದ ಆಗುವ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಮೀನಂಗಡಿಯವರು ಕೇಳದಿದ್ದರೂ ಹೊಟ್ಟೆ ಸೀಳಿ ಸ್ವಚ್ಛ ಮಾಡಿ ಕೊಡುತ್ತಾರೆ. ನಾನು ಹೀಗೆ ಸ್ವಚ್ಛ ಮಾಡಿದ ಮ್ಯಾಕೆರೆಲ್‌ಗಳನ್ನೇ ಒಂದು ಇಡೀ ಫೆಬ್ರವರಿ ಬಳಸಿ, ಎಸೆದಾಗಲೆಲ್ಲ ಹೊಟ್ಟೆಯ ಬಳಿ ಹರಿದುಹೋಗುವುದನ್ನು ಕಂಡು, ಗಾಳ ಸಿಕ್ಕಿಸುವುದರಲ್ಲೇ ತಪ್ಪಿದೆಯೆಂದು ಭಾವಿಸಿದ್ದೆ. ಕರುಳು, ರಕ್ತ ಮತ್ತು ಹೊಟ್ಟೆಯ ಕೊಬ್ಬು ಎರೆಗೆ ಬೇಕಾದ ಭಾಗಗಳು. ಇಡಿಯಾಗಿಯೇ ಕೊಡಿ, ತೊಳೆಯಲೂ ಬೇಡಿ ಎಂದು ಮೊದಲೇ ಹೇಳಿ. ಉಪ್ಪು ಹಾಕಿದ, ಹೊಗೆ ಹಿಡಿಸಿದ ಅಥವಾ ಮಸಾಲೆ ಸವರಿದ ಮೀನು ಬೇಡ.

ಮನೆಗೆ ತಂದ ಕೂಡಲೇ ಬಟ್ಟೆಯಿಂದ ಒರೆಸಿ, ತಟ್ಟೆಯ ಮೇಲೆ ನೇರವಾಗಿ ಒಂದಕ್ಕೊಂದು ತಾಗದಂತೆ ಮಲಗಿಸಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಒಂದೊಂದನ್ನೂ ಪ್ರತ್ಯೇಕವಾಗಿ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿ ಉಳಿಯದಂತೆ ಸುತ್ತಿ, ದಿನಾಂಕ ಬರೆದು, ಮೈನಸ್ 18 ಡಿಗ್ರಿಯಲ್ಲಿ ಕಾದಿಡಿ. ಚೀಲದಲ್ಲಿ ಒಟ್ಟಿಗೆ ತುಂಬಿಟ್ಟರೆ ಡೊಂಕಾಗಿ ಅಂಟಿಕೊಳ್ಳುತ್ತವೆ. ಡೊಂಕು ಎರೆ ಗಾಳಿಯಲ್ಲೂ ನೀರಿನಲ್ಲೂ ತಿರುಗುತ್ತದೆ. ಪಕ್ಕೆಯ ಮೇಲೆ ಒಣಗಿದ ಹಳದಿ ಅಥವಾ ಬಿಳಿ ಮಚ್ಚೆಗಳು ಕಂಡರೆ ಆ ಮೀನಿನ ಎಣ್ಣೆ ಕೆಟ್ಟಿದೆಯೆಂದು ತಿಳಿದು ಬಿಸಾಡಿ.

ದಡಕ್ಕೆ ಒಯ್ಯುವಾಗ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಬಾಲ ಮೇಲಾಗಿ ನಿಲ್ಲಿಸಿದರೆ ಸಂಜೆಯವರೆಗೂ ಗಡ್ಡೆ ಕರಗುವುದಿಲ್ಲ. ಬೇಕಾದದ್ದನ್ನು ಬಾಲ ಹಿಡಿದು ಒಂದೊಂದಾಗಿ ತೆಗೆಯಬಹುದು. ಕರಗಿದ್ದನ್ನು ಮನೆಗೆ ತಂದು ಮತ್ತೆ ಗಡ್ಡೆಗಟ್ಟಿಸಬೇಡಿ. ಉಳಿದ ಎರೆಯನ್ನು ದಡದಲ್ಲೂ ಬಿಡಬೇಡಿ, ಗಾಳ ಸಿಕ್ಕಿಕೊಂಡಿರುವ ಎರೆಯಂತೂ ಹಕ್ಕಿಗಳಿಗೆ ಸಾವು ತರುತ್ತದೆ.

ಹಂತ 7: ಗಾಳಕ್ಕೆ ಸಿಕ್ಕಿಸುವುದು ಮತ್ತು ತಳದಲ್ಲಿ ಇಡುವುದು

ತಳದಲ್ಲಿ ಸ್ಥಿರವಾಗಿ ಮಲಗಿಸುವ ಎರೆಗೆ, ರಾಡಿನ ಕಡೆಗಿರುವ ಟ್ರೆಬಲ್‌ನ ಒಂದು ಮುಳ್ಳನ್ನು ಬಾಲದ ಬುಡದ ಗಟ್ಟಿ ಮಾಂಸಕ್ಕೆ ಚುಚ್ಚಿ, ತುದಿಯ ಟ್ರೆಬಲ್‌ನ ಒಂದು ಮುಳ್ಳನ್ನು ಅದೇ ಪಕ್ಕೆಯ ನಡುಭಾಗಕ್ಕೆ ಚುಚ್ಚಿ. ತಲೆ ನಿಮ್ಮಿಂದ ದೂರಕ್ಕೆ ಮುಖ ಮಾಡಿರಬೇಕು. ಎಸೆಯುವ ಭಾರವೆಲ್ಲ ಬಾಲದ ಬುಡದ ಮೇಲೆ ಬೀಳುವುದರಿಂದ ಎರೆ ಹರಿಯುವುದಿಲ್ಲ. ಪೈಕ್ ಮೀನನ್ನು ತಲೆಯ ಕಡೆಯಿಂದ ನುಂಗುವುದರಿಂದ ಎಳೆದಾಗ ಮುಳ್ಳುಗಳು ಸುಲಭವಾಗಿ ಬಿಡಿಸಿಕೊಂಡು ಪೈಕ್‌ನ ಬಾಯಿಯನ್ನು ಹಿಡಿಯುತ್ತವೆ. ಮುಳ್ಳುಗಳನ್ನು ಮಾಂಸದೊಳಗೆ ಹುದುಗಿಸಬೇಡಿ.

ಜಲ್ಲಿ ಅಥವಾ ಗಟ್ಟಿ ತಳವಿದ್ದರೆ ಹಾಗೆಯೇ ಮಲಗಿಸಿ. ಹೂಳು, ಕೊಳೆತ ಎಲೆ ಅಥವಾ ಜಲಸಸ್ಯವಿದ್ದರೆ ಎರೆಯ ಬಾಯಿಯೊಳಗೆ ಬಾಲ್ಸಾ ಕಡ್ಡಿ ಅಥವಾ ಫೋಮ್ ತುಂಡನ್ನು ಗಂಟಲಿನವರೆಗೆ ತುರುಕಿ, ಟ್ರೇಸಿನ ಮೇಲೆ ಚಿಕ್ಕ ಭಾರವನ್ನಿಟ್ಟು, ತಳದಿಂದ ಒಂದು ಗೇಣು ಮೇಲೆ ತೇಲುವಂತೆ ಮಾಡಿ. ಕಾಲ ಬಳಿ ಇಳಿಸಿ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆಂದು ಕಣ್ಣಾರೆ ನೋಡಿದ ಮೇಲೆಯೇ ಎಸೆಯಿರಿ.

ಬೆಂಡು ಜರುಗಿದ ಅಥವಾ ದಾರದ ಎಳೆತವನ್ನು ತಿಳಿಸುವ ಅಲಾರ್ಮ್ ಕೂಗಿದ ಕೂಡಲೇ ಸಡಿಲ ದಾರವನ್ನು ಸುತ್ತಿಕೊಂಡು, ಭಾರ ಕೈಗೆ ತಗುಲಿದ ತಕ್ಷಣ ರಾಡನ್ನು ದೃಢವಾಗಿ ಹಿಂದಕ್ಕೆ ಎಳೆಯಿರಿ. ನುಂಗಲಿ ಎಂದು ಕಾಯುವುದು ಹೆಣ್ಣು ಪೈಕನ್ನು ಕೊಲ್ಲುವ ದಾರಿ. ಇದೇ ಕಾರಣಕ್ಕೆ, ರಾಡನ್ನು ಬಿಟ್ಟು ಚಹಾ ಕುಡಿಯಲು ಗೆಳೆಯರ ಬಳಿ ಹೋಗಬಾರದು.

ಹಂತ 8: ಎರಡು ರಾಡಿನಿಂದ ಹೋಲಿಸಿ, ಮರಳಿ ಬಂದ ಎರೆಯನ್ನು ಓದಿ

ಸಾಮಾನ್ಯ ಲೈಸೆನ್ಸಿನಲ್ಲಿ ಎರಡು ರಾಡಿಗೆ ಅವಕಾಶವಿದೆ. ಎರಡರಲ್ಲೂ ಒಂದೇ ಎರೆ ಹಾಕುವುದು ಆ ಅವಕಾಶವನ್ನು ವ್ಯರ್ಥ ಮಾಡಿದಂತೆ. ಒಂದರಲ್ಲಿ ಸಮುದ್ರದ ಎಣ್ಣೆಮೀನು, ಇನ್ನೊಂದರಲ್ಲಿ ರೋಚ್ ಅಥವಾ ಸ್ಮೆಲ್ಟ್ ಹಾಕಿ. ಒಂದು ಜಾಗದಲ್ಲಿ 40 ನಿಮಿಷದಿಂದ ಒಂದು ಗಂಟೆಯವರೆಗೆ ಕಾದು ಏನೂ ಆಗದಿದ್ದರೆ ಎರೆಯನ್ನಲ್ಲ, ಜಾಗವನ್ನು ಮೊದಲು ಬದಲಾಯಿಸಿ. ಮೂರು ಜಾಗ ನೋಡಿದ ಮೇಲೂ ಏನೂ ಇಲ್ಲದಿದ್ದರೆ ಆಗ ಎರೆಯ ಜಾತಿಯನ್ನು ಬದಲಾಯಿಸಿ. ಒಂದೇ ಬಾರಿಗೆ ಎರಡನ್ನೂ ಬದಲಿಸಿದರೆ ಯಾವುದರಿಂದ ಫಲ ಬಂತೆಂದು ತಿಳಿಯುವುದೇ ಇಲ್ಲ. ಎಣ್ಣೆಮೀನು ಒಂದೂವರೆ ಗಂಟೆಯ ನಂತರ ಸೊರಗಿ ಬಿಳಿಚಿಕೊಂಡಿರುತ್ತದೆ, ಅದನ್ನು ಹೊಸದಕ್ಕೆ ಬದಲಿಸಲು ಜಿಪುಣತನ ಬೇಡ.

ಮರಳಿ ಬಂದ ಎರೆಯನ್ನು ಬಿಸಾಡುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಎರಡೂ ಪಕ್ಕೆಗಳಲ್ಲಿ ಓರೆಯಾದ ಸಾಲು ಗೀರುಗಳಿದ್ದು ಹುರುಪೆ ಕಿತ್ತುಹೋಗಿದ್ದರೆ ಪೈಕ್ ಹಿಡಿದು ಬಿಟ್ಟಿದೆ. ದಾರದಲ್ಲಿ ಎಳೆತ ಹೆಚ್ಚಾಗಿತ್ತು ಅಥವಾ ಎರೆ ದೊಡ್ಡದಾಗಿತ್ತು. ಅದೇ ಜಾಗಕ್ಕೆ ಚಿಕ್ಕ ಎರೆಯನ್ನು, ಸಡಿಲ ದಾರದಲ್ಲಿ, ಕೂಡಲೇ ಹಾಕಿ. ಮಾಂಸವನ್ನು ಚಿಕ್ಕ ಚಿಕ್ಕ ಚೂರಾಗಿ ಕೆರೆದು ತೆಗೆದಂತಿದ್ದು ಕಣ್ಣು ಮಾಯವಾಗಿದ್ದರೆ ಅದು ಸಿಗಡಿಯಂಥ ಸಿಹಿನೀರಿನ ಪ್ರಾಣಿಯಾದ ಸಿಗ್ನಲ್ ಕ್ರೇಫಿಶ್‌ನ ಕೆಲಸ. ತಳದಿಂದ ಮೇಲೆತ್ತಿದ ಎರೆಗೆ ಬದಲಿಸಿ. ಕಪ್ಪು ಕೆಸರು ಮೆತ್ತಿಕೊಂಡು ಬಂದರೆ ಹೂಳಿನಲ್ಲಿ ಹೂತುಹೋಗಿತ್ತು. ಗುರುತೇ ಇಲ್ಲದೆ, ಹಾಕಿದಂತೆಯೇ ಬಂದರೆ ಪೈಕ್ ಅಲ್ಲಿಲ್ಲ ಎಂದೇ ತಿಳಿಯಿರಿ.

ಹಂತ 9: ನಿಲ್ಲಿಸಬೇಕಾದ ಲಕ್ಷಣಗಳು

ನೀರು 8ರಿಂದ 10 ಡಿಗ್ರಿ ಮುಟ್ಟುವ ಹೊತ್ತಿಗೆ ಪೈಕ್‌ಗಳು ಜೊಂಡು ಮತ್ತು ಮುಳುಗಿದ ಹುಲ್ಲಿನ ನಡುವೆ ಮೊಟ್ಟೆಯಿಡತೊಡಗುತ್ತವೆ. ಕೆರೆಗಳಲ್ಲಿ ಕಾನೂನಿನ ನಿರ್ಬಂಧ ಇಲ್ಲದಿದ್ದರೂ ಇಲ್ಲಿಂದ ಮುಂದೆ ಅವುಗಳ ಮೇಲೆ ಗಾಳ ಹಾಕಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಆಳವಿಲ್ಲದ ನೀರಿನಲ್ಲಿ ಒಂದು ದೊಡ್ಡ ಮೀನಿನ ಹಿಂದೆ ಎರಡು ಮೂರು ಚಿಕ್ಕವು ಅಂಟಿಕೊಂಡಂತೆ ಈಜುವುದು ಮತ್ತು ಜೊಂಡು ಗಾಳಿಯಿಲ್ಲದೆ ಅಲುಗಾಡುವುದು ಕಂಡರೆ, ಅಂಥ ದಡದಿಂದ ರಾಡುಗಳನ್ನು ಎತ್ತಿಕೊಳ್ಳಿ.

ಅದಕ್ಕೂ ಮುಂಚಿನ ದಿನಗಳಲ್ಲಿ ಸಿಗುವ ಹೆಣ್ಣಿನ ಹೊಟ್ಟೆ ಮೊಟ್ಟೆಯಿಂದ ಬಿಗಿದಿರುತ್ತದೆ. ನೀರಿನಿಂದ ಎತ್ತುವಾಗ ಮ್ಯಾಟನ್ನು ಮೊದಲೇ ಒದ್ದೆ ಮಾಡಿ, ಎರಡೂ ಕೈಗಳಿಂದ ಹೊಟ್ಟೆಗೆ ಆಸರೆ ಕೊಡಿ, ದವಡೆಯಲ್ಲಿ ಹಿಡಿದು ನೇತುಹಾಕಬೇಡಿ. ಮ್ಯಾಟಿನ ಮೇಲೆ ಮಲಗಿಸಿದಾಗ ಕಿತ್ತಳೆಬಣ್ಣದ ಮೊಟ್ಟೆಗಳು ಜಾರಿ ಬಂದರೆ, ತೂಕವನ್ನೂ ಫೋಟೊವನ್ನೂ ಬಿಟ್ಟು, ಗಾಳ ಬಿಡಿಸಿದ ಕೂಡಲೇ ನೀರಿನಲ್ಲಿ ನೆಟ್ಟಗೆ ಹಿಡಿದು, ತಾನಾಗಿ ಬಾಲ ಬೀಸಿ ಹೋಗುವವರೆಗೆ ಕೈ ತೆಗೆಯಬೇಡಿ. ಮತ್ತು ಇನ್ನೊಂದು ರಾಡನ್ನೂ ಆಗಲೇ ಸುತ್ತಿಬಿಡಿ.